ಸೈರನ್ ಸೇನಾಪತಿಯ ಕಾರು

ನಮ್ಮ ಬಡಾವಣೆಯ ವಾರಪತ್ರಿಕೆಯ ಮೇಲೆ ನನಗೊಂದು ದೂರಿದೆ. ಪುಕ್ಕಟೆ ಬರುವ ಪತ್ರಿಕೆಯನ್ನು ದೂರುವ ಹಕ್ಕು ಯಾರಿಗೂ ಇಲ್ಲ ಎಂದು ನನ್ನ ಹೆಂಡತಿ ಮಾರಿಯೆತ್ ಹೇಳುತ್ತಾಳೆ. ಅವಳು ಹೇಳಬಹುದು. ಅವಳ ಫೋಟೊ ಅದರಲ್ಲಿ ಬಂದಿದೆ. ಚರ್ಚಿನ ಗಾಯನ ತಂಡದಲ್ಲಿ ಹಾಡಿದ್ದಕ್ಕೆ ಒಮ್ಮೆ, ಗ್ರಂಥಾಲಯಕ್ಕೆ ಪರದೆ ಹೊಲಿದುಕೊಟ್ಟಿದ್ದಕ್ಕೆ ಒಮ್ಮೆ, ಯಾಕೆಂದು ಯಾರಿಗೂ ಗೊತ್ತಿಲ್ಲದೆ ಇನ್ನೊಮ್ಮೆ. ಹಿಂದಿನ ಬೀದಿಯ ಬೆಕ್ಕೊಂದು ಮರ ಹತ್ತಿ ಇಳಿಯಲಾರದೆ ಕೂತಾಗ ಅದಕ್ಕೆ ಅರ್ಧ ಪುಟ ಕೊಟ್ಟರು. ಇಳಿದಾಗ ಇನ್ನರ್ಧ ಪುಟ.

ನಾನೋ, ಮಾಂಟ್ರಿಯಲ್ಲಿನ ಇದೇ ಬೀದಿಯಲ್ಲಿ ಹುಟ್ಟಿ, ಇದೇ ಬೀದಿಯಲ್ಲಿ ಬೆಳೆದು, ಮೂಲೆಯ ಬೂಟಿನ ಅಂಗಡಿಯಲ್ಲಿ ಬಡಾವಣೆಯ ಪ್ರತಿಯೊಬ್ಬರ ಕಾಲು ಹಿಡಿದು (ಬೂಟು ತೊಡಿಸಲು ಹಿಡಿಯಲೇಬೇಕು) ನಿವೃತ್ತನಾದವನು. ಆದರೂ ಫ್ಲೋರಿಯಾಂ ತಿಬೊದೊ ಎಂಬ ನನ್ನ ಹೆಸರು ಆ ಪತ್ರಿಕೆಯಲ್ಲಿ ಒಮ್ಮೆಯೂ ಅಚ್ಚಾಗಿರಲಿಲ್ಲ. ಗ್ರಂಥಾಲಯದ ಪರದೆಯ ಫೋಟೊದಲ್ಲಿ ನನ್ನ ಎಡ ಮೊಣಕೈ ಬಂದಿದೆ, ನಿಜ. ಅದು ನನ್ನದೇ ಎಂದು ಸ್ವೆಟರಿನ ಬಣ್ಣದಿಂದ ಸಾಬೀತುಪಡಿಸಬಲ್ಲೆ. ಆದರೆ ಕೆಳಗೆ ಹೆಸರು ಹಾಕಿರಲಿಲ್ಲ.

ಈ ಅನ್ಯಾಯವನ್ನು ಸರಿಪಡಿಸಲೆಂದೇ ನಾನು ಕಳೆದ ಚಳಿಗಾಲದಲ್ಲಿ ಸಮಾಜಸೇವೆಗೆ ಇಳಿದದ್ದು.

ನಮ್ಮಲ್ಲಿ ದೊಡ್ಡ ಹಿಮ ಬಿದ್ದ ಮೇಲೆ ನಗರದವರು ಬೀದಿಯಲ್ಲಿ ಕಿತ್ತಳೆ ಬಣ್ಣದ ಫಲಕ ನೆಡುತ್ತಾರೆ. ಇಂಥ ಹೊತ್ತಿಗೆ ಹಿಮ ತೆಗೆಯುವ ಯಂತ್ರ ಬರುತ್ತದೆ, ಅಷ್ಟರಲ್ಲಿ ಕಾರು ತೆಗೆಯಿರಿ ಎಂದು ಅದರರ್ಥ. ಆಮೇಲೆ ಟೋಯಿಂಗ್ ಲಾರಿ ಸೈರನ್ ಕೂಗಿಸುತ್ತ ಬರುತ್ತದೆ. ಅದು ಕೊನೆಯ ಕರೆ. ಅಷ್ಟಾದರೂ ನಿಂತಿರುವ ಕಾರನ್ನು ಎಳೆದೊಯ್ದು ಹತ್ತಿರದ ಬೇರಾವುದೋ ಬೀದಿಯಲ್ಲಿ ಬಿಡುತ್ತಾರೆ. ಯಾವ ಬೀದಿ ಎಂಬುದನ್ನು ಕಾರಿನ ಯಜಮಾನ ತನ್ನ ಸ್ವಂತ ಕಾಲಿನಿಂದ ಕಂಡುಹಿಡಿಯಬೇಕು. ನಮ್ಮ ಬೀದಿಯಲ್ಲಿ ಪ್ರತಿಸಲವೂ ಯಾರಾದರೊಬ್ಬರು ಹೀಗೆ ಅಲೆದಾಡುತ್ತಿದ್ದರು. ಸೈರನ್ನಿಗಿಂತ ಮೊದಲೇ ಮನೆಮನೆಗೆ ಹೋಗಿ ಎಲ್ಲರನ್ನೂ ಎಬ್ಬಿಸುವ ಒಬ್ಬ ಮಹಾನುಭಾವ ಬೇಕಾಗಿತ್ತು. ಬೇರೆ ಯಾರೂ ಅರ್ಜಿ ಹಾಕದ ಕಾರಣ ನಾನೇ ನನ್ನನ್ನು ನೇಮಿಸಿಕೊಂಡೆ. ನಗರದ ಕೆಲಸಗಾರರು ತೊಡುವಂಥ ಕಿತ್ತಳೆ ಕವಚ ಕೊಂಡೆ. ಹಳ್ಳಿಯ ಸೋದರಮಾವನ ಹಸುವಿನ ಗಂಟೆಯೊಂದು ಅಟ್ಟದಲ್ಲಿತ್ತು, ಅದನ್ನು ಇಳಿಸಿದೆ. ಸೈರನ್ ಸೇನಾಪತಿ ಎಂಬ ಬಿರುದನ್ನು ಜನರೇ ಕೊಟ್ಟರು. (ಕೊಡಿರೆಂದು ಕೇಳಿದ್ದು ನಾನು.)

ನಾಲ್ಕಾರು ಹಿಮಪಾತಗಳಲ್ಲಿ ನಮ್ಮ ಬೀದಿಯ ಒಂದು ಕಾರೂ ಕಳೆಯಲಿಲ್ಲ. ಸುದ್ದಿ ಹಬ್ಬಿತು. ಕೊನೆಗೆ ವಾರಪತ್ರಿಕೆಯಿಂದ ನೊಯೆಮಿ ಎಂಬ ಹುಡುಗಿ ಫೋನ್ ಮಾಡಿ, ಮುಂದಿನ ಹಿಮಕ್ಕೆ ತಾನೇ ಬಂದು ನನ್ನ ಸೇವೆಯನ್ನು ಕಣ್ಣಾರೆ ಕಂಡು ಬರೆಯುವುದಾಗಿ ಹೇಳಿದಳು. ಆ ದಿನದಿಂದ ನಾನು ಆಕಾಶವನ್ನು ಪ್ರೇಮಿಯಂತೆ ನೋಡತೊಡಗಿದೆ.

ಹಿಮ ಬಿದ್ದದ್ದು ಶುಕ್ರವಾರ. ಫಲಕದಲ್ಲಿ ಬರೆದ ಹೊತ್ತು ಶನಿವಾರ ಬೆಳಿಗ್ಗೆ. ಶನಿವಾರವೇ ಸಂಜೆ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಸಂತರ್ಪಣೆ ಇದ್ದದ್ದು ನನ್ನ ಗ್ರಹಚಾರ.

ಸಭಾಂಗಣದ ಹೀಟರು ಡಿಸೆಂಬರಿನಲ್ಲೇ ಕೊನೆಯುಸಿರೆಳೆದಿತ್ತು. ಅಲ್ಲಿ ಇಸ್ಪೀಟು ಆಡುವ ಮುದುಕರು ಕೋಟು, ಟೊಪ್ಪಿಗೆ, ಕೈಗವಸು ಹಾಕಿಕೊಂಡು ಆಡುತ್ತಿದ್ದರು. ಕೈಗವಸಿನಲ್ಲಿ ಎಲೆ ಹಿಡಿಯಲಾಗದೆ ಒಬ್ಬರ ಎಲೆ ಇನ್ನೊಬ್ಬರಿಗೆ ಕಂಡು ದಿನವೂ ಜಗಳ. ಹೊಸ ಹೀಟರಿಗಾಗಿ ಊಟ ಏರ್ಪಡಿಸಿ ಟಿಕೆಟ್ ಮಾರಿದ್ದರು, ಟಿಕೆಟ್ಟೆಲ್ಲ ಖರ್ಚಾಗಿತ್ತು. ಖರ್ಚಾಗಲು ಕಾರಣ ಮಾರಿಯೆತ್ ಮಾಡುವ ತೂರ್ತಿಯೇರ್, ಅಂದರೆ ತಟ್ಟೆಯಗಲದ ಹಂದಿಮಾಂಸದ ಕಡುಬು. ಎರಡು ದಿನ ನಮ್ಮ ಅಡುಗೆಮನೆಯೊಳಗೆ ನನಗೆ ಪ್ರವೇಶವಿರಲಿಲ್ಲ. ಕಡುಬುಗಳು ಫ್ರಿಜ್ಜಿನಲ್ಲಿ ಹಿಡಿಸಲಿಲ್ಲ. ಬಾಲ್ಕನಿಯಲ್ಲಿ ಇಟ್ಟರೆ ಅಳಿಲು ಬಂದು ರುಚಿ ನೋಡಿತು. ಆಗ ನಾನೇ ಹೇಳಿದೆ: "ಕಾರಿನ ಡಿಕ್ಕಿಲಿ ಇಡು. ಈ ಚಳೀಲಿ ಅದಕ್ಕಿಂತ ಒಳ್ಳೇ ಫ್ರಿಜ್ಜು ಯಾವ್ದಿದೆ?" ಅವಳು ಇಟ್ಟಳು. ನಮ್ಮ ಸಂಸಾರದಲ್ಲಿ ಅವಳು ನನ್ನ ಮಾತು ಕೇಳಿದ್ದೇ ಅಪರೂಪ, ಕೇಳಿದಾಗಲೆಲ್ಲ ಹೀಗೇ ಆಗಿದೆ.

ಶನಿವಾರ ಬೆಳಿಗ್ಗೆ ನಾನು ಕನ್ನಡಿಯೆದುರು ಕಿತ್ತಳೆ ಕವಚದ ಗುಂಡಿ ಹಾಕುತ್ತಿದ್ದಾಗ ಮಾರಿಯೆತ್ ಬಾಗಿಲಲ್ಲಿ ನಿಂತಳು.

"ಫ್ಲೋರಿಯಾಂ, ಮೊದ್ಲು ನಮ್ ಕಾರು ತೆಗಿ. ಆಮೇಲೆ ಊರು ಉದ್ಧಾರ ಮಾಡು."

"ಮಾರಿ, ಸೇನಾಪತಿ ಆದೋನು ಮೊದ್ಲು ಪ್ರಜೆಗಳನ್ನ ನೋಡ್ಬೇಕು." (ಪ್ರೀತಿ ಬಂದಾಗ ನಾನು ಅವಳನ್ನು ಮಾರಿ ಎನ್ನುತ್ತೇನೆ. ಭಯವಾದಾಗಲೂ ಅದನ್ನೇ ಎನ್ನುತ್ತೇನೆ.)

"ಡಿಕ್ಕಿಲಿ ಕಡುಬಿದೆ."

"ಗೊತ್ತು."

"ಗೊತ್ತು ಅಂತ ಹೇಳ್ಬೇಡ. ಗೊತ್ತಿರೋನ ಥರ ನಡ್ಕೋ."

"ನೊಯೆಮಿ ಬರ್ತಿದಾಳೆ ಕಣೇ. ಅವಳು ಬಂದಾಗ ನಾನು ನಮ್ ಕಾರಿನ ಹಿಮ ಕೆರೀತಾ ಇದ್ರೆ ಏನ್ ಚೆನ್ನಾಗಿರತ್ತೆ? ತನ್ ಕಾರು ತಾನು ತೆಗ್ಯೋನು ಸುದ್ದಿ ಆಗ್ತಾನಾ?"

"ತೆಗೀದೇ ಇರೋನು ಆಗ್ತಾನೆ," ಎಂದು ಅವಳು ಒಳಗೆ ಹೋದಳು.

ನೊಯೆಮಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೊರಳಲ್ಲಿ ಕ್ಯಾಮೆರಾ, ಕಣ್ರೆಪ್ಪೆಯ ಮೇಲೆ ಹಿಮ. ನಾನು ಗಂಟೆ ಬಾರಿಸುತ್ತ ಮೊದಲು ಮದಾಂ ಬೋಬಿಯಾಂ ಮನೆಯ ಮೆಟ್ಟಿಲು ಹತ್ತಿದೆ. ಎಂಬತ್ತು ದಾಟಿದ ಹೆಂಗಸು, ಕಿವಿ ಸ್ವಲ್ಪ ಮಂದ. ರಾತ್ರಿಯಂಗಿಯ ಮೇಲೆ ತುಪ್ಪಳದ ಕೋಟು ಹಾಕಿಕೊಂಡು ಬಾಗಿಲು ತೆಗೆದಳು.

"ಎಲ್ಲಿ ಬೆಂಕಿ?"

"ಬೆಂಕಿ ಅಲ್ಲ ಮದಾಂ, ಹಿಮ!"

"ಹಿಮಕ್ಕೆ ಗಂಟೆ ಯಾಕಪ್ಪ? ನಾನ್ ನೋಡ್ದೇ ಇರೋ ಹಿಮಾನಾ?"

"ಕಾರು! ನಿಮ್ ಕಾರು ತೆಗೀಬೇಕು! ಕೀಲಿ ಕೊಡಿ, ನಾನೇ ತೆಗೀತೀನಿ!"

ನೊಯೆಮಿ ಫೋಟೊ ಹೊಡೆದಳು. ಮದಾಂ ಬೋಬಿಯಾಂ ಕ್ಯಾಮೆರಾ ಕಂಡದ್ದೇ ಕೂದಲಿನ ಸುರುಳಿ ಬಿಚ್ಚಲು ಒಳಗೋಡಿದಳು, ಕೀಲಿ ಹುಡುಕಲು ಅಲ್ಲ. ಹಿಂದಿನ ಹಿಮಕ್ಕೆ ನಾನು ತೆಗೆದ ಮೇಲೆ ಆಕೆಯ ಕಾರು ಅಲುಗಿರಲಿಲ್ಲ. ಸಲಿಕೆಯಿಂದ ಅಗೆದು, ಬಾಗಿಲಿಗೆ ಬಿಸಿನೀರು ಸುರಿದು, ಎಂಜಿನ್ನನ್ನು ಪ್ರಾರ್ಥಿಸಿ ಮೂಲೆಯಾಚೆ ನಿಲ್ಲಿಸಿ ಬಂದೆ. ಆಮೇಲೆ ದ್ಯೂಸೆಲ್‌ನ ಟ್ಯಾಕ್ಸಿ. ಹೈಟಿಯಿಂದ ಬಂದು ಇಷ್ಟು ವರ್ಷವಾದರೂ ಅವನು ಹಿಮವನ್ನು ಒಂದು ತಾತ್ಕಾಲಿಕ ತೊಂದರೆ ಎಂದೇ ತಿಳಿದಿದ್ದಾನೆ. ಚಕ್ರ ಗಿರಗಿರ ತಿರುಗುತ್ತಿತ್ತು, ಟ್ಯಾಕ್ಸಿ ನಿಂತಲ್ಲೇ ಇತ್ತು.

"ತಳ್ಳಿ ಕ್ಯಾಪ್ಟನ್, ತಳ್ಳಿ! ನಿಮ್ ಕೈಲಿ ಆಗತ್ತೆ!" ಎಂದು ಅವನು ಒಳಗೆ ಬೆಚ್ಚಗೆ ಕೂತು ನನಗೆ ಹುರುಪು ತುಂಬಿದ. ತಳ್ಳಿದೆ. ಟ್ಯಾಕ್ಸಿ ಮುಂದೆ ಹೋಯಿತು, ನಾನು ಮುಖ ಅಡಿಯಾಗಿ ಮಲಗಿದೆ. ಅದರ ಫೋಟೊ ಬೇಡವೆಂದು ನೊಯೆಮಿಗೆ ಸನ್ನೆ ಮಾಡಿದೆ.

ಸೈರನ್ ಕೂಗುತ್ತಿರುವಾಗಲೇ ಬೀದಿಯ ತುದಿಯವರೆಗೂ ಹೋಗಿ ಬಂದೆ. ಜನ ಪೈಜಾಮದಲ್ಲೇ ಓಡಿ ಕಾರು ತೆಗೆದರು. ನನ್ನ ಕಣ್ಣಿಗೆ ನಮ್ಮ ಬದಿ ಬೋಳುಬೋಳಾಗಿ ಹೊಳೆಯಿತು. ನೊಯೆಮಿ ನನ್ನನ್ನು ಒಂದು ಹಿಮರಾಶಿಯ ಮೇಲೆ ನಿಲ್ಲಿಸಿದಳು. ಗಂಟೆ ಎದೆಯ ಮಟ್ಟಕ್ಕೆ, ದೃಷ್ಟಿ ದಿಗಂತಕ್ಕೆ. ಅಷ್ಟರಲ್ಲಿ ನಮ್ಮ ಹಿಂದೆ ಟೋಯಿಂಗ್ ಲಾರಿ ಹಿಮದ ಗುಡ್ಡೆಯಂಥ ಕಾರೊಂದನ್ನು ಎಳೆದುಕೊಂಡು ಹಾದುಹೋಯಿತು. ಮೇಲಿಂದ ಕೆಳಗೆ ಹಿಮ, ಕಾರಿನ ಬಣ್ಣ ಕೂಡ ಕಾಣುತ್ತಿರಲಿಲ್ಲ.

"ಒಳ್ಳೇ ಹಿನ್ನೆಲೆ," ಎಂದಳು ನೊಯೆಮಿ, ಕ್ಲಿಕ್ಕಿಸುತ್ತ. "ಅದ್ಯಾರ್ದು?"

"ಯಾರೋ ಬೇಜವಾಬ್ದಾರಿ ಮನುಷ್ಯ," ಎಂದೆ ವಿಷಾದದಿಂದ. "ಎಷ್ಟ್ ಹೇಳಿದ್ರೂ ಕೆಲವ್ರಿಗೆ ಬುದ್ಧಿ ಬರಲ್ಲ. ಇಂಥೋರ ಕೈಗೆ ಕಾರು ಕೊಡೋದೇ ತಪ್ಪು. ಬರ್ಕೊಳ್ಳಿ, ಪರವಾಗಿಲ್ಲ."

ಅವಳು ಬರೆದುಕೊಂಡಳು. ಆಗ ನಮ್ಮ ಮನೆಯ ಹೊರಮೆಟ್ಟಿಲ ತುದಿಯಿಂದ ಮಾರಿಯೆತ್‌ಳ ದನಿ ಕೇಳಿತು.

"ಫ್ಲೋರಿಯಾಂ! ಕಾರು ಎಲ್ಲಿಟ್ಟೆ?"

ನಾನು ಬೀದಿಯನ್ನು ನೋಡಿದೆ. ಬೀದಿ ಖಾಲಿಯಾಗಿತ್ತು. ಅದು ಅಷ್ಟು ಖಾಲಿಯಾಗಿರಬಾರದಿತ್ತು.

ನೊಯೆಮಿ ಬಹಳ ಮರ್ಯಾದೆಯಿಂದ ಕೇಳಿದಳು: "ಮೊಸ್ಯೂ ತಿಬೊದೊ, ಆ ಬೇಜವಾಬ್ದಾರಿ ಮನುಷ್ಯ ಅಂದ್ರಲ್ಲ, ಅದನ್ನ ಹಾಗೇ ಇಟ್ಕೊಳ್ಳಲಾ?"

ಮಾರಿಯೆತ್ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವಳು ಕೋಟು ಹಾಕಿಕೊಂಡು, ಸಲಿಕೆ ಹೆಗಲಿಗೇರಿಸಿಕೊಂಡು ಕೆಳಗಿಳಿದಳು. ನಾನು ನಗರದ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದೆ. ಈಗಷ್ಟೇ ಎಳೆದ ಕಾರಿನ ವಿಳಾಸ ಇನ್ನೂ ಬಂದಿಲ್ಲ, ಆಮೇಲೆ ವಿಚಾರಿಸಿ ಎಂದರು. "ಆಮೇಲೆ ಅಂದ್ರೆ ಊಟದ ಹೊತ್ತಿಗಾ?" ಎಂದು ಮಾರಿಯೆತ್ ನನ್ನನ್ನು ಕೇಳಿದಳು, ಫೋನಿನವರನ್ನಲ್ಲ. ದ್ಯೂಸೆಲ್ ಟ್ಯಾಕ್ಸಿ ತಂದು ನಿಲ್ಲಿಸಿದ. "ಕೂತ್ಕೊಳ್ಳಿ ಮದಾಂ, ಹುಡುಕೋಣ. ಕ್ಯಾಪ್ಟನ್, ನೀವು ಹಿಂದೆ ಕೂತ್ಕೊಳ್ಳಿ." ನೊಯೆಮಿ ನನ್ನ ಪಕ್ಕದಲ್ಲಿ ತಾನಾಗಿಯೇ ಬಂದು ಕೂತಳು. ನನ್ನ ಸುದ್ದಿ ಅವಳಿಗೆ ಈಗ ಮೊದಲಿಗಿಂತ ಹೆಚ್ಚು ಹಿಡಿಸಿತ್ತು.

ನಮ್ಮದು ಬೂದು ಬಣ್ಣದ ಕಾರು. ಆದರೆ ಆ ದಿನ ಇಡೀ ಊರಿಗೆ ಒಂದೇ ಬಣ್ಣ. ಬೀದಿಯುದ್ದಕ್ಕೂ ಬಿಳಿ ಗುಡ್ಡೆಗಳು, ಒಳಗೆ ಯಾವ ಕಾರೋ ಯಾರಿಗೆ ಗೊತ್ತು. ನಾವು ಒಂದೊಂದು ಗುಡ್ಡೆಯ ಹಿಂಭಾಗವನ್ನು ಕೈಯಿಂದ ಒರೆಸಿ ನಂಬರು ನೋಡುತ್ತ ಬೀದಿಯಿಂದ ಬೀದಿಗೆ ಹೋದೆವು. ಒಂದು ಕಡೆ ನಮ್ಮದೇ ಆಕಾರ, ನಮ್ಮದೇ ಎತ್ತರ. ಹಿಂದೆ ಮುಂದೆ ಮಂಜುಗಡ್ಡೆ ಕಟ್ಟಿ ನಂಬರು ಕಾಣುತ್ತಿರಲಿಲ್ಲ. ಸ್ವಲ್ಪ ಕೆರೆದಾಗ ಬೂದು ಬಣ್ಣ ಇಣುಕಿತು.

"ಇದೇ!" ಎಂದು ಕೂಗಿದೆ. "ಗಂಡನ ಕಣ್ಣು ಅಂದ್ರೆ ಇದು!"

ಮಾರಿಯೆತ್ ಸಲಿಕೆ ನನ್ನ ಕೈಗಿಟ್ಟಳು. ಅಗೆದೆ. ಚಕ್ರ ಬಿಡಿಸಿದೆ, ಛಾವಣಿ ಗುಡಿಸಿದೆ, ಗಾಜು ಕೆರೆದೆ. ಬೆನ್ನು ಎರಡು ತುಂಡಾಯಿತು. ಕೊನೆಗೆ ಬಾಗಿಲಿಗೆ ಕೀಲಿ ಹಾಕಿದರೆ ತಿರುಗಲೊಲ್ಲದು. ಅಷ್ಟರಲ್ಲಿ ಎದುರು ಮನೆಯಿಂದ ಒಬ್ಬ ಸಣಕಲು ಮನುಷ್ಯ ಕಾಫಿ ಹೀರುತ್ತ ಇಳಿದು ಬಂದ. ನನ್ನ ಕಿತ್ತಳೆ ಕವಚವನ್ನು ಮೆಚ್ಚುಗೆಯಿಂದ ನೋಡಿದ.

"ನಗರದೋರು ಇಷ್ಟ್ ಒಳ್ಳೇ ಸೇವೆ ಶುರು ಮಾಡಿದಾರಾ! ನಮಗೆ ಗೊತ್ತೇ ಇರ್ಲಿಲ್ಲ ನೋಡಿ."

"ಇದು ನಿಮ್ ಕಾರಾ?" ಎಂದೆ.

"ಹೂಂ. ಕನ್ನಡಿ ಒಂದು ಬಿಟ್ಟಿದೀರಿ. ಬಂದೋರು ಅದನ್ನೂ ಒರೆಸಿಬಿಡಿ."

ಒರೆಸಿದೆ. ಬೇರೇನು ಮಾಡಲಿ? ಅವನು ಕಾರು ಹತ್ತಿ, ಕೈಬೀಸಿ ಹೊರಟುಹೋದ. ದ್ಯೂಸೆಲ್ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಡುಗುತ್ತಿದ್ದ. ಚಳಿಗೆ ಎಂದು ನಂಬಲು ಪ್ರಯತ್ನಿಸಿದೆ.

ಮಧ್ಯಾಹ್ನ ಇಳಿಯುತ್ತ ಬಂತು. ಮಾರಿಯೆತ್‌ಳ ಮುಖ ನೋಡಿದೆ. ಅವಳ ಕಣ್ಣಿನಲ್ಲಿ ನೀರಿತ್ತು. ಗಾಳಿಗಿರಬಹುದು. ಆದರೆ ಅವಳು ಮುಖ ಆ ಕಡೆ ತಿರುಗಿಸಿದಳು, ಗಾಳಿಗಾದರೆ ಯಾರೂ ಹಾಗೆ ತಿರುಗಿಸುವುದಿಲ್ಲ.

"ಎಲ್ರೂ ತಟ್ಟೆ ಹಿಡ್ಕೊಂಡು ಕಾಯ್ತಿರ್ತಾರೆ," ಎಂದಳು. "ನಾನೇನ್ ಬಡಿಸ್ಲಿ? ನಿನ್ ಗಂಟೇನಾ?"

ಇಡೀ ದಿನದಲ್ಲಿ ನನಗೆ ನಿಜವಾಗಿ ತಾಗಿದ ಮಾತು ಅದೊಂದೇ. ಫೋಟೊ, ಪತ್ರಿಕೆ, ಬಿರುದು ಎಲ್ಲ ಆ ಕ್ಷಣ ಬೇಡವಾಯಿತು. ಕಡುಬು ಸಿಕ್ಕರೆ ಸಾಕಾಗಿತ್ತು.

ಆಗ ಮೂಲೆಯಲ್ಲಿ ನಮ್ಮ ಕಾರು ಕಾಣಿಸಿಕೊಂಡಿತು. ತಾನಾಗಿಯೇ ಬರುತ್ತಿತ್ತು, ಹಿಂದುಮುಂದಾಗಿ, ಹಿಂಭಾಗ ಮೇಲೆತ್ತಿಕೊಂಡು. ಬೆಳಿಗ್ಗೆ ಅದನ್ನು ಬಿಟ್ಟ ಬೀದಿಗೂ ಮಧ್ಯಾಹ್ನ ಹಿಮ ತೆಗೆಯುವ ಸರದಿ ಬಂದಿತ್ತು. ಹಾಗಾಗಿ ಟೋಯಿಂಗ್ ಲಾರಿ ಅದನ್ನು ಎರಡನೇ ಸಲ ಎಳೆಯುತ್ತಿತ್ತು. ಹಾದಿಯಲ್ಲಿ ಹಿಮ ಉದುರಿ ನಂಬರು ಸ್ಪಷ್ಟವಾಗಿ ಓದಬಹುದಾಗಿತ್ತು.

ನಾನು ಟ್ಯಾಕ್ಸಿಯ ಕಿಟಕಿಯಿಂದ ತಲೆ ಹಾಕಿ ಗಂಟೆ ಬಾರಿಸಿದೆ. ಲಾರಿಯವನು ನನ್ನ ಕಿತ್ತಳೆ ಕವಚ ನೋಡಿ ಸಹೋದ್ಯೋಗಿ ಎಂದುಕೊಂಡು ಹಾರ್ನ್ ಮಾಡಿ ಮುಂದೆ ಹೋದ. ಮಾರಿಯೆತ್ ಬಾಗಿಲು ತೆಗೆದು ಇಳಿದು, ಓಡಿ, ರಸ್ತೆಯ ನಟ್ಟನಡುವೆ ಸಲಿಕೆ ಅಡ್ಡ ಹಿಡಿದು ನಿಂತಳು. ಲಾರಿ ಕಿರ್ರೆಂದು ನಿಂತಿತು. ಗಡ್ಡದಲ್ಲಿ ಮಂಜುಗಡ್ಡೆ ಕಟ್ಟಿದ ದೈತ್ಯನೊಬ್ಬ ತಲೆ ಹೊರಹಾಕಿದ.

"ಮದಾಂ, ದಾರಿ ಬಿಡಿ!"

"ನೀನ್ ನನ್ ಕಡುಬು ಬಿಡು, ನಾನ್ ದಾರಿ ಬಿಡ್ತೀನಿ!"

"ಯಾವ ಕಡುಬು?"

"ಆ ಡಿಕ್ಕಿಲಿರೋದು! ಇವತ್ತು ಚರ್ಚಲ್ಲಿ ಊಟ, ಜನ ಕಾಯ್ತಿದಾರೆ!"

"ರಸ್ತೆ ಮಧ್ಯ ಕಾರು ಇಳ್ಸೋ ಹಾಗಿಲ್ಲ ಮದಾಂ. ಎಲ್ಲಿ ಜಾಗ ಇದ್ಯೋ ಅಲ್ಲೇ ಇಳ್ಸ್ಬೇಕು."

"ಚರ್ಚ್ ಮುಂದೆ ಜಾಗ ಇದೆ. ಅಲ್ಲಿಳಿಸು."

ದೈತ್ಯ ಯೋಚಿಸಿದ. "ಹಂದಿಮಾಂಸದ್ದಾ?"

"ಲವಂಗ ಹಾಕಿದೀನಿ."

ಅವನು ಬಾಗಿ ಆಚೆ ಬದಿಯ ಬಾಗಿಲು ತೆರೆದ. ಮಾರಿಯೆತ್ ಸಲಿಕೆ ಸಮೇತ ಹತ್ತಿ ಕೂತಳು. ನಾನೂ ಕಾಲಿಟ್ಟೆ.

"ಒಬ್ರಿಗೇ ಜಾಗ," ಎಂದ ದೈತ್ಯ.

"ನಾನು ಅವಳ ಗಂಡ!"

"ಅದು ಸರಿ. ಜಾಗ ಒಬ್ರಿಗೇ."

ಟ್ಯಾಕ್ಸಿಗೆ ಮರಳಿದರೆ ಅಲ್ಲಿ ಒಂದು ವೃದ್ಧ ದಂಪತಿ ಸೂಟ್‌ಕೇಸು ಏರಿಸುತ್ತಿದ್ದರು. "ಬೇಜಾರ್ ಮಾಡ್ಕೋಬೇಡಿ ಕ್ಯಾಪ್ಟನ್," ಎಂದ ದ್ಯೂಸೆಲ್. "ವಿಮಾನಕ್ಕೆ ಹೊತ್ತಾಗಿದೆಯಂತೆ. ಹೊಟ್ಟೆಪಾಡು. ಈ ಹುಡುಗೀನ ದಾರೀಲಿ ಚರ್ಚ್ ಹತ್ರ ಬಿಟ್ಬಿಡ್ತೀನಿ, ಮುಂದಿನ ಸೀಟಲ್ಲಿ ಒಬ್ರಿಗೆ ಜಾಗ ಇದೆ." ಆ ದಿನ ಊರಲ್ಲಿ ಎಲ್ಲೆಲ್ಲೂ ಒಬ್ಬರಿಗೇ ಜಾಗವಿತ್ತು, ಆ ಒಬ್ಬ ನಾನಾಗಿರಲಿಲ್ಲ.

ಹೀಗೆ ನಾನು ಅಕ್ಷರಶಃ ಬೀದಿಗೆ ಬಿದ್ದೆ. ನಡೆದೇ ಹೋದೆ. ಹಾದಿಯಲ್ಲಿ ಇಬ್ಬರು ನನ್ನನ್ನು ನಿಲ್ಲಿಸಿ ತಮ್ಮ ಬೀದಿಯ ಹಿಮ ಯಾವಾಗ ತೆಗೆಯುತ್ತೀರಿ ಎಂದು ಗದರಿದರು.

ಚರ್ಚಿನ ಮುಂದಿನ ಮೆರವಣಿಗೆಯನ್ನು ನಾನು ನೋಡಲಿಲ್ಲ, ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಲಾರಿ ಸೈರನ್ ಕೂಗಿಸುತ್ತ ಬಂತಂತೆ. ಜನ ಹೊರಗೆ ಬಂದು ಚಪ್ಪಾಳೆ ತಟ್ಟಿದರಂತೆ. ಮಾರಿಯೆತ್ ಲಾರಿಯಿಂದ ಪಟ್ಟದ ರಾಣಿಯಂತೆ ಇಳಿದಳಂತೆ. ಎರಡು ಸಲ ಎಳೆದಾಡಿಸಿಕೊಂಡ ಕಡುಬುಗಳು ಒಂದು ಮೂಲೆಗೆ ಜಾರಿ ಮೇಲಿನ ಹಿಟ್ಟಿನ ಹೊದಿಕೆ ಬಿರುಕು ಬಿಟ್ಟಿದ್ದವು. ಓವನ್ನಿನಲ್ಲಿ ಆ ಬಿರುಕಿನಿಂದ ರಸ ಉಕ್ಕಿ ಮೇಲೆಲ್ಲ ಕೆಂಪಗೆ ಹುರಿದು, ಇಂಥ ಕಡುಬನ್ನು ಇದುವರೆಗೆ ತಿಂದಿಲ್ಲವೆಂದು ಜನ ತಟ್ಟೆ ನೆಕ್ಕುತ್ತಿದ್ದಾಗ ನಾನು ಬಾಗಿಲಿಗೆ ತಲುಪಿದೆ. ಬಾಗಿಲಲ್ಲಿ ಹೊಸದಾಗಿ ಸೇರಿದ ಸ್ವಯಂಸೇವಕಿಯೊಬ್ಬಳು ಕೈ ಅಡ್ಡ ಹಿಡಿದಳು.

"ಟಿಕೆಟ್?"

"ನಾನು ಮಾರಿಯೆತ್ ಗಂಡ."

"ಎಲ್ರೂ ಹಾಗೇ ಹೇಳ್ತಿದಾರೆ ಇವತ್ತು. ಟಿಕೆಟ್ ಇಲ್ದೆ ಇದ್ರೆ ಅಡುಗೆಮನೆ ಬಾಗಿಲಿಂದ ಬನ್ನಿ, ಪಾತ್ರೆ ತೊಳ್ಯೋಕೆ ಜನ ಕಮ್ಮಿ ಇದೆ."

ತೊಳೆದೆ. ನನ್ನ ಪಾಲಿನ ಕುರ್ಚಿಯಲ್ಲಿ ಲಾರಿಯ ದೈತ್ಯ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ಮೊಣಕೈವರೆಗೆ ನೊರೆಯಲ್ಲಿದ್ದಾಗ ಮಾರಿಯೆತ್ ಬಂದು, ಒದ್ದೆ ಕೈ ಎಂದು ತಾನೇ ಒಂದು ತುಂಡು ನನ್ನ ಬಾಯಿಗಿಟ್ಟಳು. "ಸುಟ್ಟಿದ್ ಅಂಚು. ಬೇರೆ ಯಾರ್ಗೂ ಬಡಿಸೋ ಹಾಗಿರ್ಲಿಲ್ಲ," ಎಂದಳು. ಅಂಚೇನೂ ಸುಟ್ಟಿರಲಿಲ್ಲ.

ವಾರಪತ್ರಿಕೆ ಬುಧವಾರ ಬಂತು. ಮುಖಪುಟದಲ್ಲಿ ಮಾರಿಯೆತ್ ಲಾರಿಯಿಂದ ಇಳಿಯುವ ಫೋಟೊ. ನನ್ನ ಸುದ್ದಿ ಒಳಗಿತ್ತು. ಹೆಸರು ಪೂರ್ತಿಯಾಗಿ, ತಪ್ಪಿಲ್ಲದೆ, ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ತನ್ನದೊಂದನ್ನು ಬಿಟ್ಟು ಬೀದಿಯ ಎಲ್ಲ ಕಾರುಗಳನ್ನೂ ಕಾಪಾಡಿದ ಫ್ಲೋರಿಯಾಂ ತಿಬೊದೊ ಎಂದು ಬರೆದಿದ್ದರು. ಕ್ಷೌರದಂಗಡಿಯವನು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದ. ಈಗ ನಾನು ಕೂದಲು ಬಿಟ್ಟಿದ್ದೇನೆ.

ಎರಡು ವಾರದ ಮೇಲೆ ಮತ್ತೆ ಹಿಮ ಬಿತ್ತು. ಈ ಸಲ ಎಲ್ಲರಿಗಿಂತ ಮೊದಲು ನನ್ನ ಕಾರನ್ನೇ ತೆಗೆಯುವುದೆಂದು ನಿರ್ಧರಿಸಿ ಬೆಳಗಾಗುವ ಮೊದಲೇ ಎದ್ದು, ಬೂಟು ಕಟ್ಟಿ, ಬಾಗಿಲು ತೆಗೆದೆ. ಹೊಸಿಲಲ್ಲಿ ಮದಾಂ ಬೋಬಿಯಾಂ ನಿಂತಿದ್ದಳು. ತುಪ್ಪಳದ ಕೋಟು, ತುಟಿಗೆ ಬಣ್ಣ, ಸುರುಳಿ ಬಿಚ್ಚಿ ಬಾಚಿದ ಕೂದಲು. ಅಂಗೈ ಚಾಚಿದಳು.

"ಕೀಲಿ ಕೊಡಪ್ಪ."

"ಯಾವ ಕೀಲಿ ಮದಾಂ?"

"ನಿನ್ ಕಾರಿಂದು. ನಾವ್ ಬೀದಿಯೋರೆಲ್ಲ ಕೂತು ಮಾತಾಡಿದೀವಿ. ಇನ್ಮೇಲೆ ಹಿಮ ಬಿದ್ರೆ ನಿನ್ ಕಾರು ನನ್ ಜವಾಬ್ದಾರಿ. ಮಿಕ್ಕೋರ್ದು ನೀನ್ ಬೇಕಾದ್ರೆ ನೋಡ್ಕೋ."

"ನಿಮಗ್ಯಾಕೆ ತೊಂದ್ರೆ, ಈ ವಯಸ್ಸಲ್ಲಿ..."

"ಆಂ? ಕೇಳಿಸ್ಲಿಲ್ಲ," ಎಂದು ಆಕೆ ಕೈ ಇನ್ನಷ್ಟು ಚಾಚಿದಳು. ಹಿಂದಿನಿಂದ ಮಾರಿಯೆತ್ ಕೈ ನೀಡಿ ಕೀಲಿ ಕೊಟ್ಟೂಬಿಟ್ಟಳು. ಅವರಿಬ್ಬರಲ್ಲಿ ಮೊದಲೇ ಮಾತಾಗಿತ್ತು.

ಮದಾಂ ಬೋಬಿಯಾಂ ರೇಲಿಂಗು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ದ್ಯೂಸೆಲ್ ಆಗಲೇ ನಮ್ಮ ಕಾರಿನ ಹಿಮ ಗುಡಿಸಿ ಬಾಗಿಲು ತೆರೆದು ನಿಂತಿದ್ದ. ಆಚೆ ಫುಟ್‌ಪಾತಿನಲ್ಲಿ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನೊಯೆಮಿ ಹೊಂಚುತ್ತಿದ್ದಳು. ನಾನು ಓಡಿಬಂದು ಕಿಟಕಿಯ ಪರದೆ ಸರಿಸಿ ನೋಡಿದೆ. ಮುದುಕಿ ಸ್ಟಿಯರಿಂಗ್ ಹಿಡಿದು, ಕೆನ್ನೆ ಕ್ಯಾಮೆರಾದ ಕಡೆ ತಿರುಗಿಸಿ, ನಮ್ಮ ಕಾರನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಹಿಂದಕ್ಕೆ ತೆಗೆಯುತ್ತಿದ್ದಳು.

"ಕಾಫಿ ಆರ್ತಿದೆ ಬಾ," ಎಂದಳು ಮಾರಿಯೆತ್ ಅಡುಗೆಮನೆಯಿಂದ. "ಮತ್ತೆ ಆ ಕಿಟಕಿ ಹತ್ರ ನಿಲ್ಬೇಡ. ಪಾಪ, ಆಕೆ ಫೋಟೊ ಹಾಳಾಗತ್ತೆ."